ವಜ್ರಕೇತುವಿಗೆ ಮೂವತ್ತು, ಬಾಳುವಿಗೆ ಎಂಟು

ಮೊನ್ನೆ ನನ್ನ ಮೊಮ್ಮಗಳು ಮೊಬೈಲನ್ನು ನನ್ನ ಮೂಗಿಗೇ ತಂದು ಹಿಡಿದು, "ಅಜ್ಜಿ, ಇಂವಾ ನೀವು ಸಣ್ಣವರಿದ್ದಾಗೂ ಇದ್ನಂತ, ಖರೇನ?" ಎಂದು ಕೇಳಿದಳು. ನೋಡಿದರೆ ವಜ್ರಕೇತು. ಅದೇ ನೀಲಿ ಅಂಗಿ, ಎದೆಯ ಮೇಲೆ ಅದೇ ಹಳದಿ ಬಾವುಟ, ಕೊರಳಿಗೆ ಅದೇ ಕೆಂಪು ರುಮಾಲು. ನಾನು ಚಿತ್ರಕಥೆಯ ಪುಸ್ತಕಗಳಲ್ಲಿ ಅವನನ್ನು ಮೊದಲು ಕಂಡಾಗ ಅವನು ನನಗಿಂತ ಇಪ್ಪತ್ತು ವರ್ಷ ದೊಡ್ಡವನಾಗಿದ್ದ. ಈಗ ನನಗಿಂತ ಮೂವತ್ತು ವರ್ಷ ಚಿಕ್ಕವನು. ನನ್ನ ವಯಸ್ಸಿನವರು ಇಂಥದ್ದನ್ನು ನೋಡಿದರೆ ಖುಷಿಪಡುತ್ತಾರೆ, ಹಳೆಯ ಗೆಳೆಯ ಸಿಕ್ಕಿದ ಅನ್ನುತ್ತಾರೆ. ನನಗೆ ಹಾಗಾಗುವುದಿಲ್ಲ. ವರ್ಷ ಕಳೆದರೂ ಬದಲಾಗದ ಮುಖ ಕಂಡರೆ ಇವತ್ತಿಗೂ ನನಗೆ ಹೆದರಿಕೆಯಾಗುತ್ತದೆ. ಮೊಮ್ಮಗಳಿಗೆ "ಹೂಂನವಾ, ಇದ್ದ" ಎಂದಷ್ಟೇ ಹೇಳಿ ಮೊಬೈಲನ್ನು ಕೈಯಿಂದ ಆಚೆ ಸರಿಸಿದೆ. ಆ ಹೆದರಿಕೆ ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಐನಾಪುರದ ನಮ್ಮ ಮನೆಯೊಳಗೆ ಹೋಗಬೇಕು.

ಆ ಮನೆಯಲ್ಲಿ ಒಂದರ ಹಿಂದೆ ಒಂದು ಮೂರು ಕೋಣೆ. ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್ ಆದ್ದರಿಂದ ಆ ಮನೆಗೂ ಬಸ್ಸಿಗೂ ಬರೀ ಗಾಲಿಯ ವ್ಯತ್ಯಾಸ ಅನ್ನುತ್ತಿದ್ದರು. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ನಾವು ಮಲಗುವ ಕೋಣೆ. ನಡುಕೋಣೆಯ ಅರ್ಧ ಜಾಗವನ್ನು ಜೋಳದ ಚೀಲಗಳೇ ನುಂಗಿದ್ದವು. ಉಳಿದ ಅರ್ಧದಲ್ಲಿ ಒಂದು ಚಾಪೆ ಹಾಸಿದರೆ ಗೋಡೆಯಿಂದ ಚೀಲದವರೆಗೆ ಮುಗಿಯಿತು. ಯಾರಾದರೂ ಮಲಗಿದ್ದಾಗ ಅಡುಗೆಮನೆಯಿಂದ ಹೊರಗೆ ಬರಬೇಕಾದರೆ ಅವರನ್ನು ದಾಟಿಯೇ ಬರಬೇಕು. ಅಪ್ಪನ ತಾಯಿ, ನಮ್ಮ ಆಯಿ, ಇದಕ್ಕೊಂದು ಕಾಯ್ದೆ ಮಾಡಿದ್ದಳು. ಹಗಲು ಹೊತ್ತು ಜಗುಲಿಯ ಮೇಲೆ ಕೂತಿದ್ದರೂ ಅವಳ ಒಂದು ಕಣ್ಣು ನಡುಕೋಣೆಯಲ್ಲೇ ಇರುತ್ತಿತ್ತು.

"ಮಲಗಿದ ಕೂಸಿನ್ನ ದಾಟಬಾರ್ದವಾ, ಬೆಳಿಯೂದು ನಿಂತಬಿಡತೈತಿ. ತಪ್ಪಿ ದಾಟಿದ್ಯೋ, ಹಂಗ ಹೊಳ್ಳಿ ದಾಟಿ ಬಾ. ಬಿಡಸಿದಂಗಾಕ್ಕೈತಿ."

ನನ್ನ ತಮ್ಮ ಬಾಳುವಿಗೆ ಆಗ ಆರು ವರ್ಷ, ನನಗೆ ಒಂಬತ್ತು. ಒಂದು ಬೇಸಿಗೆ ಮಧ್ಯಾಹ್ನ ಅವನು ಜ್ವರ ಬಂದು ನಡುಕೋಣೆಯಲ್ಲಿ ಮಲಗಿದ್ದ. ಅಡುಗೆಮನೆಯಲ್ಲಿದ್ದ ನನಗೆ ಓಣಿಯಲ್ಲಿ ಐಸ್‌ಕ್ಯಾಂಡಿಯವನ ಗಂಟೆ ಕೇಳಿಸಿತು. ನಾನು ಒಂದೇ ಜಿಗಿತಕ್ಕೆ ಅವನನ್ನು ದಾಟಿ ಹೊರಗೆ ಓಡಿದೆ. ದಾಟಿದ್ದು ನೆನಪಾದದ್ದು ಕ್ಯಾಂಡಿಯ ಅರ್ಧ ತಿಂದಮೇಲೆ. ಓಡಿ ಬಂದು ನೋಡಿದರೆ ಅವ್ವ ಅವನನ್ನು ಎತ್ತಿ ಪಡಸಾಲೆಗೆ ತಂದು ಮಲಗಿಸಿದ್ದಳು, ಗಾಳಿಯಾಡಲಿ ಎಂದು. ಅಲ್ಲಿ ಆಯಿ ಅವನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದಳು. ಹೊಳ್ಳಿ ದಾಟಲು, ಬಂದ ಕಡೆಗೇ ತಿರುಗಿ ದಾಟಲು, ಆಗಲಿಲ್ಲ. ನಾನು ಯಾರಿಗೂ ಹೇಳಲಿಲ್ಲ.

ಆ ಜೂನಿನಲ್ಲೇ ಅವನನ್ನು ಸಾಲೆಗೆ ಹೆಸರು ಹಚ್ಚಲು ಕರೆದೊಯ್ದೆವು. ನಮ್ಮ ಕಡೆ ಆಗ ಜನ್ಮಪತ್ರ ಯಾರ ಹತ್ತಿರವೂ ಇರಲಿಲ್ಲ. ಮಾಸ್ತರರ ಪರೀಕ್ಷೆ ಒಂದೇ: ಬಲಗೈಯನ್ನು ತಲೆಯ ಮೇಲಿನಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ತುಂಬಿತು, ಇಲ್ಲವಾದರೆ ಇಲ್ಲ. ಪಕ್ಕದ ಮನೆಯ ಕಮಲಿ ಬಾಳುವಿಗಿಂತ ಎಂಟು ದಿನ ಚಿಕ್ಕವಳು, ಇಬ್ಬರನ್ನೂ ಒಂದೇ ತೊಟ್ಟಿಲಲ್ಲಿ ಹಾಕಿ ಹೆಸರಿಟ್ಟಿದ್ದರು. ಅವಳು ಕಿವಿ ಮುಟ್ಟಿದ್ದಲ್ಲದೆ ಹಿಡಿದು ಜಗ್ಗಿಯೂ ತೋರಿಸಿದಳು. ಬಾಳುವಿನ ಬೆರಳು ನೆತ್ತಿ ದಾಟಿ ಸ್ವಲ್ಪ ಇಳಿದು ಅಲ್ಲೇ ನಿಂತಿತು. ಅವನು ತಲೆಯನ್ನು ಎಷ್ಟು ವಾಲಿಸಿದರೂ ಮುಟ್ಟಲಿಲ್ಲ. "ಮುಂದಿನ ವರ್ಷ ಕರಕೊಂಡ ಬರ್ರಿ" ಎಂದರು ಮಾಸ್ತರರು. ಮುಂದಿನ ವರ್ಷವೂ ಮುಟ್ಟಲಿಲ್ಲ. ಮೂರನೆಯ ಸಲ ಬೆರಳ ತುದಿ ಕಿವಿಗೆ ತಗಲಿತು. ಮಾಸ್ತರರು ಜೂನ್ ಒಂದನೇ ತಾರೀಖು ಹಾಕಿ, ವಯಸ್ಸು ಆರು ಎಂದು ಬರೆದುಕೊಂಡರು. ನಿಜವಾಗಿ ಅವನಿಗೆ ಎಂಟಾಗಿತ್ತು. ಅಪ್ಪನಿಗೆ ಬೇಸರವೇನೂ ಆಗಲಿಲ್ಲ.

"ಛಲೋನ ಆತ ಬಿಡು. ಮುಂದ ನೌಕರಿ ಹತ್ತಿದ್ರ ಎರಡ ವರ್ಷ ಜಾಸ್ತಿ ದುಡೀತಾನ."

ಮನೆಯಲ್ಲಿಯೂ ಎಲ್ಲರೂ ಆ ಲೆಕ್ಕವನ್ನೇ ಹೇಳತೊಡಗಿದರು. ಯಾರಾದರೂ ಕೇಳಿದರೆ "ಬಾಳೂಗ ಆರು", ಮರುವರ್ಷ "ಬಾಳೂಗ ಏಳು". ಸುಳ್ಳು ಹೇಳುತ್ತಿದ್ದೇವೆ ಎಂದು ಮೊದಮೊದಲು ಗೊತ್ತಿತ್ತು, ಆಮೇಲೆ ಅದೂ ಮರೆತುಹೋಯಿತು. ಅವನನ್ನು ನೋಡಿದರೆ ಆ ವಯಸ್ಸೇ ಹೊಂದುತ್ತಿತ್ತು. ಇದರಲ್ಲಿ ಎಲ್ಲರಿಗಿಂತ ಹೆಚ್ಚು ಮೋಸಹೋದವರು ಅಪ್ಪ. ಅದೇ ಸೋಜಿಗ. ಅರ್ಧ ಟಿಕೇಟಿನ ಮಕ್ಕಳ ವಯಸ್ಸು ಹಿಡಿಯುವುದರಲ್ಲಿ ಅಥಣಿ-ಮೀರಜ್ ದಾರಿಯಲ್ಲಿ ಅವರಿಗೆ ಸಮನಿಲ್ಲ ಎಂಬ ಹೆಸರಿತ್ತು. ರೊಟ್ಟಿಗೆ ಝುಣಕ ಹಚ್ಚಿಕೊಳ್ಳುತ್ತ ನಮಗೆ ಆ ವಿದ್ಯೆ ಹೇಳಿಕೊಡುತ್ತಿದ್ದರು.

"ವಯಸ್ಸ ಕೇಳಬಾರ್ದು, ಅವ್ವ ಅಪ್ಪ ಮೊದಲ ಕಲಿಸಿ ಇಟ್ಟಿರ್ತಾರ. ಸಾಲ್ಯಾಗ ಎಷ್ಟನೇತ್ತ ಅದೀ ಅಂತ ಕೇಳಬೇಕು. ಮಕ್ಕಳು ಸೊಕ್ಕಿಲೆ ಖರೇ ಹೇಳತಾವ."

ಮಗ ಮೂರನೆಯ ಇಯತ್ತೆ, ಮೂರನೆಯ ತರಗತಿ; ಅಂದರೆ ವಯಸ್ಸು ಎಂಟು. ಅವರ ವಿದ್ಯೆಯೇ ಅವರ ಕಣ್ಣು ಕಟ್ಟಿತು.

ಬಸ್ಸಿನಲ್ಲಿ ಜನ ಬಿಟ್ಟುಹೋದ ಚಿತ್ರಕಥೆಯ ಪುಸ್ತಕಗಳನ್ನು ಅಪ್ಪ ಟಿಕೇಟಿನ ಪೆಟ್ಟಿಗೆಯೊಳಗೆ ಮಡಚಿ ತರುತ್ತಿದ್ದರು. ಮೀರಜ್ ದವಾಖಾನೆಗೆ ಹೋಗುವವರು ಮಕ್ಕಳನ್ನು ಸುಮ್ಮನಿರಿಸಲು ಕೊಂಡು, ಇಳಿಯುವ ಗಡಿಬಿಡಿಯಲ್ಲಿ ಮರೆತು ಬಿಡುತ್ತಿದ್ದರು. ಹೆಚ್ಚಿನವು ಮರಾಠಿ, ಕೆಲವು ಕನ್ನಡ, ಬಹಳಷ್ಟಕ್ಕೆ ಮೇಲಿನ ಹಾಳೆಯೇ ಇಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯದೆ ನಾನೂ ಬಾಳುವೂ ಜೋಳದ ಚೀಲದ ಮೇಲೆ ಕೂತು ಓದುತ್ತಿದ್ದೆವು. ವಜ್ರಕೇತು ಸೇತುವೆಯನ್ನು ಹೆಗಲ ಮೇಲೆ ಹೊರುತ್ತಿದ್ದ. ಮುಂದಿನ ದೀಪಾವಳಿಗೆ ಮದುವೆಯಾಗುತ್ತೇನೆ ಎಂದು ರೋಹಿಣಿಗೆ ಮಾತು ಕೊಡುತ್ತಿದ್ದ. ರೋಹಿಣಿಯ ತಮ್ಮ ಮುನ್ನಾ ಪ್ರತಿ ಕಥೆಯಲ್ಲೂ ಕಳ್ಳರ ಕೈಗೆ ಸಿಕ್ಕು ಕೂಗುತ್ತಿದ್ದ. ಬಾಳುವಿಗೆ ಮುನ್ನಾ ಅಂದರೆ ಪ್ರಾಣ. ಮುನ್ನಾನ ಹಾಗೇ ಪಾಟಿಚೀಲವನ್ನು ಎಡಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದ.

ನನಗೆ ಹದಿಮೂರಾದ ವರ್ಷ ದೀಪಾವಳಿ ಸೂಟಿಯಲ್ಲಿ ಆ ಪುಸ್ತಕಗಳನ್ನೆಲ್ಲ ಸಾಲಾಗಿ ಜೋಡಿಸುವ ಹುಚ್ಚು ಹಿಡಿಯಿತು. ಹಿಂದಿನ ಪುಟದ ಜಾಹೀರಾತು ನೋಡಿ ಇಟ್ಟೆ. ರೇಡಿಯೋದ ಜಾಹೀರಾತು ಇದ್ದದ್ದು ಹಳೆಯದು, ಟೀವಿಯದಿದ್ದರೆ ಹೊಸದು. ಜೋಡಿಸಿದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಹಳೆಯ ಪುಸ್ತಕವೊಂದರಲ್ಲಿ ಕಾಳಿಂಗ ಸೇಠ ಎಂಬ ಖೂಳ ಕಪ್ಪು ಮೀಸೆ ಇಟ್ಟುಕೊಂಡು ಜೈಲಿಗೆ ಹೋಗಿದ್ದ. ಹೊಸದರಲ್ಲಿ ಹನ್ನೆರಡು ವರ್ಷ ಶಿಕ್ಷೆ ಮುಗಿಸಿ ಬಿಳಿ ಮೀಸೆಯಲ್ಲಿ ಹೊರಗೆ ಬಂದ. ಬಂದವನ ಎದುರಿಗೆ ನಿಂತ ವಜ್ರಕೇತುವಿನ ಒಂದು ಕೂದಲೂ ಬೆಳ್ಳಗಾಗಿರಲಿಲ್ಲ. ರೋಹಿಣಿಯ ದೀಪಾವಳಿ ಇನ್ನೂ ಬಂದಿರಲಿಲ್ಲ. ಮುನ್ನಾ ಹಳೆಯದರಲ್ಲೂ ಎರಡನೆಯ ಇಯತ್ತೆ, ಹೊಸದರಲ್ಲೂ ಎರಡನೆಯ ಇಯತ್ತೆ. ಓದುಗರ ಪತ್ರದ ಪುಟದಲ್ಲಿ ಸಾಂಗಲಿಯ ಯಾರೋ ಇದನ್ನೇ ಕೇಳಿದ್ದರು. ನಮ್ಮ ಐದು ವರ್ಷ ಕಳೆದರೆ ವಜ್ರಕೇತುವಿನ ಊರಿನಲ್ಲಿ ಒಂದು ವರ್ಷ ಕಳೆಯುತ್ತದೆ ಎಂದು ಸಂಪಾದಕರು ಉತ್ತರ ಕೊಟ್ಟಿದ್ದರು. ನಾನು ಅದನ್ನು ಬಾಳುವಿಗೆ ಓದಿ ಹೇಳಿ ನಕ್ಕೆ. ಅವನು ನಗಲಿಲ್ಲ. ಅವನ ದನಿ ಆಗೀಗ ಗೊಗ್ಗರಾಗಿರುತ್ತಿತ್ತು, ಮುಖ ಉಬ್ಬಿಕೊಂಡಿರುತ್ತಿತ್ತು.

"ಅಕ್ಕಾ, ಹಂಗಾದ್ರ ಮುನ್ನಾ ದೊಡ್ಡಾವ ಆಗೂದ ಇಲ್ಲೇನ?"

"ಆಕ್ಕಾನಲೇ, ಸಾವಕಾಶ ಆಕ್ಕಾನ."

ಹೇಳುತ್ತ ಅವನ ಬಾಯಿಯೊಳಗೆ ನೋಡಿದೆ. ಮುಂದಿನ ಎರಡೂ ಹಾಲುಹಲ್ಲು ಹಾಗೇ ಇದ್ದವು. ಕಮಲಿಯ ಹಾಲುಹಲ್ಲು ಬಿದ್ದಾಗ ಸಗಣಿಯಲ್ಲಿ ಇಟ್ಟು ಮಾಳಿಗೆಯ ಮೇಲೆ ಎಸೆಯಲು ನಾನೇ ಹೋಗಿದ್ದೆ, ಅದಾಗಿ ಮೂರು ವರ್ಷವಾಗಿತ್ತು. ನಮ್ಮ ಮನೆಯ ಮಾಳಿಗೆಯ ಮೇಲೆ ಬಾಳುವಿನ ಒಂದು ಹಲ್ಲೂ ಬಿದ್ದಿರಲಿಲ್ಲ. ಬೆರಳು ಮಡಚಿ ಎಣಿಸಿದೆ. ಎಂಟಲ್ಲ, ಹತ್ತು. ಐಸ್‌ಕ್ಯಾಂಡಿಯ ದಿನದಿಂದ ನಾಲ್ಕು ವರ್ಷ ಕಳೆದಿತ್ತು. ನಮಗೆಲ್ಲ ಕಳೆದಿತ್ತು, ಅವನಿಗೆ ಒಂದೂ ಪೂರ್ತಿ ಕಳೆದಿರಲಿಲ್ಲ. ಅದನ್ನು ಮಾಡಿದವಳು ನಾನೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಆಮೇಲಿನ ದಿನಗಳಷ್ಟು ಭಯದ ದಿನಗಳನ್ನು ನಾನು ಮತ್ತೆ ಕಂಡಿಲ್ಲ. ಬಾಳು ಸಾಲೆಯಿಂದ ಬಂದವನೇ ಹಗಲಲ್ಲೇ ಮಲಗಿಬಿಡುತ್ತಿದ್ದ, ನಡು ಬಿಸಿಲಲ್ಲೂ ಚಾದರ ಬೇಕು ಎನ್ನುತ್ತಿದ್ದ. ಅವನು ಮಲಗಿದ್ದೇ ತಡ ನಾನು ಆಯಿಯ ಕಣ್ಣು ತಪ್ಪಿಸಿ ಅವನನ್ನು ಹೊಳ್ಳಿ ದಾಟುತ್ತಿದ್ದೆ. ದಾಟಿದ ಮೇಲೆ ಇನ್ನೊಂದು ಗಾಬರಿ: ನಾನು ಅಡುಗೆಮನೆಯ ಕಡೆಯಿಂದ ದಾಟಿದೆನೋ, ಪಡಸಾಲೆಯ ಕಡೆಯಿಂದಲೋ? ಇದು ಬಿಡಿಸಿದ್ದೋ, ಮತ್ತೆ ಕಟ್ಟಿದ್ದೋ? ತಪ್ಪಿದ್ದರೆ ಎಂದು ಇನ್ನೊಮ್ಮೆ ದಾಟುವುದು. ಅದೂ ತಪ್ಪಿದ್ದರೆ? ಒಂದು ಮಧ್ಯಾಹ್ನ ಏಳು ಸಲ ದಾಟಿ, ಎಣಿಕೆ ತಪ್ಪಿ, ಜೋಳದ ಚೀಲಕ್ಕೆ ಮುಖ ಒತ್ತಿಕೊಂಡು ಅತ್ತೆ. ಅವನು ಬೆಳೆಯದೇ ಹೋದರೆ ನಾನು ಒಬ್ಬಳೇ ದೊಡ್ಡವಳಾಗುತ್ತ ಹೋಗಬೇಕು, ಮದುವೆಯಾಗಿ ಮಕ್ಕಳಾಗಿ ಮುದುಕಿಯಾದ ಮೇಲೂ ಅವನು ಪಾಟಿಚೀಲ ಹಾಕಿಕೊಂಡು ಮೂರನೆಯ ಇಯತ್ತೆಗೆ ಹೋಗುತ್ತಿರುತ್ತಾನೆ. ಪುಸ್ತಕದಲ್ಲಿ ಅದು ಎಷ್ಟು ಸೊಗಸಾಗಿ ಕಾಣುತ್ತಿತ್ತೋ ಮನೆಯಲ್ಲಿ ಅಷ್ಟೇ ಘೋರವಾಗಿತ್ತು.

ಕಡೆಗೆ ತಡೆಯಲಾರದೆ ಅವ್ವನಿಗೆ ಹೇಳಿದೆ. ದಾಟಿದ್ದನ್ನಲ್ಲ, ಅಷ್ಟು ಧೈರ್ಯ ಬರಲಿಲ್ಲ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ಬಾಳೂಗ ಎಂಟಲ್ಲ. ಹತ್ತ ತುಂಬ್ಯಾವ. ಅಂವಾ ಕಮಲಿ ವಾರಿಗಿ."

ಬಡಿಯುವ ಕೈ ನಿಂತಿತು. ಹೊಡೆಯುತ್ತಾಳೆ ಎಂದುಕೊಂಡೆ.

"ನನಗ ಗೊತ್ತಿಲ್ಲೇನ? ಹಡದಾಕಿ ನಾ ಅದೀನಿ."

"ಮತ್ತ ಅಪ್ಪಗ ಯಾಕ ಹೇಳಿಲ್ಲ?"

"ಬಾಯಿ ಬಿಟ್ಟ ಹೇಳಿದ್ರ ಖರೇ ಆಕ್ಕೈತಲ್ಲವಾ. ಹೇಳಲಾರದ ಇದ್ರ ನಾಳಿಗಿ ಬೆಳದಾನು, ನಾಡದ ಬೆಳದಾನು ಅಂತ ದಿನಾ ನೋಡಾಕತ್ತೀನಿ."

ಹಂಚಿನ ಮೇಲಿದ್ದ ರೊಟ್ಟಿ ಸುಟ್ಟು ಹೊಗೆಯಾಡಿತು. ಅವ್ವ ಅದನ್ನು ತೆಗೆಯಲಿಲ್ಲ. ಕಮಲಿಯ ತಾಯಿ ಮಗಳನ್ನು ಕರೆದುಕೊಂಡು ಮಾತಿಗೆ ಬಂದಾಗಲೆಲ್ಲ ಅವ್ವ ಬಾಳುವನ್ನು ಏನಾದರೂ ನೆಪ ಮಾಡಿ ಒಳಗೆ ಕಳಿಸುತ್ತಿದ್ದದ್ದು ಯಾಕೆಂದು ನನಗೆ ಆಗ ತಿಳಿಯಿತು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಲು ಅವಳು ಬಿಡುತ್ತಲೇ ಇರಲಿಲ್ಲ. ಮೂರು ವರ್ಷದಿಂದ ಅವಳು ಓಣಿಯ ಯಾರ ಮನೆಗೂ ಹೋಗಿರಲಿಲ್ಲ.

ಅವತ್ತು ಸಂಜೆ ಊಟಕ್ಕೆ ಕೂತಾಗ ಅವ್ವ, ಬಾಳುವಿನ ಮುಖ ಬಾತೈತಿ, ಮೀರಜಿಗೆ ತೋರಿಸಿಕೊಂಡು ಬರೋಣ ಎಂದಳು. ಅಪ್ಪ, ಸಣ್ಣ ಹುಡುಗರಿಗೆ ಎಲ್ಲ ಬರ್ತಾವ ಹೋಗ್ತಾವ ಎಂದರು. ಆಯಿ, ಯಡೂರಿಗೆ ಹೋಗಿ ವೀರಭದ್ರನಿಗೆ ಕಾಯಿ ಒಡೆಸಿದರೆ ಸಾಕು ಎಂದಳು. ಎಂದೂ ಎದುರು ಮಾತಾಡದ ಅವ್ವ ತಾಟನ್ನು ಸರಿಸಿ ಎದ್ದುಬಿಟ್ಟಳು. ಎರಡು ಹೊತ್ತು ಅವಳು ಉಣ್ಣಲಿಲ್ಲ. ಮೂರನೆಯ ಹೊತ್ತಿಗೆ ಅಪ್ಪ ರಜೆ ಹಾಕಿದರು. ಹೊರಡುವಾಗ ಅವ್ವ ನನ್ನ ರಟ್ಟೆ ಹಿಡಿದು, "ಅಲ್ಲಿ ವಯಸ್ಸಿನ ಮಾತ ಎತ್ತಬ್ಯಾಡ, ನಿಮ್ಮಪ್ಪ ಸರ್ಕಾರಿ ಮನಶ್ಯಾ, ಸಾಲ್ಯಾಗ ಕಮ್ಮಿ ಬರಸಿ ಕೊಟ್ಟಾರ, ನೌಕರಿಗಿ ಕುತ್ತ ಬಂದೀತು" ಎಂದಳು.

ದವಾಖಾನೆಯ ಡಾಕ್ಟರಬಾಯಿ ಬಾಳುವಿನ ಎಡಗೈಯ ಫೋಟೋ ತೆಗೆಸಿದರು. ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದಾಗ ಬೆರಳಿನ ಎಲುಬುಗಳೆಲ್ಲ ಬೆಳ್ಳಗೆ ಕಂಡವು, ನಡುವೆ ಬಹಳಷ್ಟು ಖಾಲಿ ಜಾಗ. ವಯಸ್ಸೆಷ್ಟು ಎಂದು ಕೇಳಿದರು. ಅಪ್ಪ ಸಾಲೆಯ ದಾಖಲೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟು, "ಎಂಟ ವರ್ಷ ರೀ" ಎಂದರು. ಒಂದಿಷ್ಟೂ ತಡವರಿಸಲಿಲ್ಲ. ಅವರು ಅದನ್ನು ನಂಬಿದ್ದರು ಎಂದೇ ನನಗೆ ಈಗಲೂ ಅನಿಸುತ್ತದೆ.

"ಎಲುಬ ಐದ ವರ್ಷದ್ದ ಕಾಣತೈತಿ. ಎಂಟಂದ್ರ ಜರಾ ಹಿಂದ ಬಿದ್ದಾನ. ಕೆಲವ ಮಕ್ಕಳು ಉಶೀರ, ತಡಾ ಮಾಡಿ, ಬೆಳೀತಾವ, ಕಾಳಜಿ ಮಾಡಬ್ಯಾಡ್ರಿ. ಟಾನಿಕ್ ಬರದ ಕೊಡ್ತೀನಿ, ಆರ ತಿಂಗಳ ಬಿಟ್ಟ ಕರಕೊಂಡ ಬರ್ರಿ."

ಅಪ್ಪನ ಮುಖ ಅರಳಿತು. ದಾಖಲೆ ಮಡಚತೊಡಗಿದರು. ಅವ್ವ ನೆಲ ನೋಡುತ್ತಿದ್ದಳು. ಬಾಳು ಕುರ್ಚಿಯ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದ. ವಜ್ರಕೇತುವಿನ ಊರಿನ ಹಾಗೆ ಆರು ತಿಂಗಳು ಅಂದರೆ ಅವನಿಗೆ ಬರೀ ಒಂದು ತಿಂಗಳು ಎಂಬ ಲೆಕ್ಕ ನನ್ನ ತಲೆಯಲ್ಲಿ ಓಡಿತು. ಅಪ್ಪನಿಗೆ ಏನಾದರೂ ಆಗಲಿ, ನನ್ನನ್ನು ಮನೆಯಿಂದ ಹೊರಗೆ ಹಾಕಲಿ.

"ಅವಗ ಎಂಟಲ್ರಿ ಬಾಯಾರ. ಹತ್ತ."

"ಏ, ಸುಮ್ನಿರ" ಎಂದರು ಅಪ್ಪ. "ದಾಖಲಾ ಐತ್ರಿ ಡಾಕ್ಟರ."

"ದಾಖಲಾ ಇರ್ಲಿ. ಎಲುಬಿಗೆ ದಾಖಲಾ ಓದಾಕ ಬರೂದಿಲ್ಲ." ಡಾಕ್ಟರಬಾಯಿ ಅಪ್ಪನನ್ನು ಬಿಟ್ಟು ಅವ್ವನ ಕಡೆ ತಿರುಗಿದರು. "ನೀವ ಹೇಳ್ರಿ, ತಾಯಿ."

ಅವ್ವ ತಲೆ ಎತ್ತಿದಳು. ಮೂರು ವರ್ಷ ಬಾಯೊಳಗೆ ಇಟ್ಟುಕೊಂಡಿದ್ದನ್ನು ಅವಳು ಬಹಳ ಮೆಲ್ಲಗೆ ಹೇಳಿದಳು.

"ಹತ್ತ ತುಂಬಿ ಮ್ಯಾಲ ಏಳ ತಿಂಗಳಾದುವ್ರಿ. ಸೋಮವಾರ ಹುಟ್ಯಾನ."

ಡಾಕ್ಟರಬಾಯಿ ಟಾನಿಕ್ ಬರೆದ ಚೀಟಿಯನ್ನು ಹರಿದರು. ಬಾಳುವಿನ ಗಂಟಲು ಒತ್ತಿ ನೋಡಿದರು, ಕೆನ್ನೆ ಹಿಂಡಿ ನೋಡಿದರು, ರಕ್ತ ತೆಗೆಸಿದರು. ಗಂಟಲಲ್ಲಿರುವ ಒಂದು ಗ್ರಂಥಿ ಕೆಲಸ ನಿಲ್ಲಿಸಿರಬೇಕು, ದಿನಾ ಒಂದು ಗುಳಿಗೆ ನುಂಗಬೇಕಾಗುತ್ತದೆ, ಎಲುಬಿನ ನಡುವಿನ ಖಾಲಿ ಜಾಗ ಮುಚ್ಚಿಹೋಗುವ ಮೊದಲೇ ಶುರು ಮಾಡಬೇಕು ಎಂದು ತಿಳಿಸಿ ಹೇಳಿದರು. ಬೆಳೀತಾನೇನ್ರಿ ಎಂದು ಅವ್ವ ಕೇಳಿದಳು. "ನೋಡೂನು" ಎಂದರಷ್ಟೆ. ಆ ಮಾತಿಗೆ ನಾವು ಮೊದಲಿಗಿಂತ ಹೆಚ್ಚು ಹೆದರಿದೆವು.

ಮರಳುವಾಗ ಅಪ್ಪ ತಮ್ಮದೇ ದಾರಿಯ ಬಸ್ಸಿನಲ್ಲಿ ಸಾದಾ ಪ್ರಯಾಣಿಕನಂತೆ ಕಿಟಕಿಗೆ ಕೂತಿದ್ದರು. ದವಾಖಾನೆಯಲ್ಲಿ ಒಂದು ಸತ್ಯ ಹೊರಬಿದ್ದಿತ್ತು, ಇನ್ನೊಂದು ನನ್ನೊಳಗೇ ಉಳಿದಿತ್ತು. ಅವರ ಅಂಗಿಯ ತೋಳು ಜಗ್ಗಿ ಹೇಳಿಬಿಟ್ಟೆ.

"ಅಪ್ಪಾ, ಗ್ರಂಥಿ ಗಿಂಥಿ ಏನಲ್ಲ. ನಾನ ಅವನ್ನ ದಾಟೀನಿ. ಜ್ವರದಾಗ. ಹೊಳ್ಳಿ ದಾಟಲಿಲ್ಲ."

ಅಪ್ಪ ನನ್ನನ್ನೇ ನೋಡಿದರು. ಬಸ್ಸು ಕಿಕ್ಕಿರಿದಿತ್ತು. ನಡುವಿನ ಹಾದಿಯಲ್ಲಿ ಗಂಟುಮೂಟೆ, ಮಡಿಲ ಮಕ್ಕಳ ಜೊತೆ ಹೆಂಗಸರು ಕೂತಿದ್ದರು. ಕಂಡಕ್ಟರು ಅವರ ಮೇಲಿನಿಂದ ಕಾಲು ಎತ್ತಿ ಎತ್ತಿ ಇಡುತ್ತ ಬರುತ್ತಿದ್ದ.

"ಅಲ್ಲಿ ನೋಡವಾ. ನಾ ದಿನಾ ಹಿಂಗ ಮಂದೀನ್ನ, ಮಲಗಿದ ಕೂಸುಗಳನ್ನ ದಾಟಕೋಂತ ಟಿಕೇಟ ಹರೀತೀನಿ. ಯಾರನ್ನೂ ಹೊಳ್ಳಿ ದಾಟಿಲ್ಲ. ಹಂಗಿದ್ರ ಅಥಣಿಯಿಂದ ಮೀರಜ ತನಕಾ ಒಬ್ರರ ಬೆಳೀತಿದ್ರೇನು?"

ನಗಿಸಲು ಹೇಳಿದ್ದು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅವರು ನನ್ನ ತಲೆಯನ್ನು ತಮ್ಮ ತೋಳಿಗೆ ಒತ್ತಿಕೊಂಡು, ತಮ್ಮಷ್ಟಕ್ಕೆ, "ಮಂದಿ ಮಕ್ಕಳ ವಯಸ್ಸ ಹಿಡಿಯಾಂವ ನಾ" ಎಂದರು. ಆಮೇಲೆ ಐನಾಪುರ ಬರುವವರೆಗೂ ಕಬ್ಬಿನ ಹೊಲಗಳ ಕಡೆ ಮುಖ ಮಾಡಿಕೊಂಡೇ ಇದ್ದರು.

ಗುಳಿಗೆ ಶುರುವಾಯಿತು. ಬೆಳಿಗ್ಗೆ ಚಹಾಕ್ಕಿಂತ ಮೊದಲು, ಖಾಲಿ ಹೊಟ್ಟೆಯಲ್ಲಿ. ಅವ್ವ ಅದನ್ನು ಅಂಗೈಯಲ್ಲಿಟ್ಟು ಕೊಟ್ಟು, ಬಾಯಿ ತೆಗೆಸಿ ನಾಲಿಗೆಯ ಕೆಳಗೂ ನೋಡುತ್ತಿದ್ದಳು. ಒಂದು ತಿಂಗಳಾಯಿತು, ಎರಡಾಯಿತು. ಮುಖದ ಬಾವು ಇಳಿಯಿತು, ಹಗಲು ನಿದ್ದೆ ಬಿಟ್ಟಿತು, ಸಿಟ್ಟು ಬರತೊಡಗಿತು, ನನ್ನ ಜಡೆ ಹಿಡಿದು ಜಗ್ಗತೊಡಗಿದ. ಎತ್ತರ ಮಾತ್ರ ನಮಗೆ ಗೊತ್ತಾಗಲಿಲ್ಲ. ಗೋಡೆಗೆ ನಿಲ್ಲಿಸಿ ಗೆರೆ ಹಾಕೋಣ ಎಂದು ಅಪ್ಪ ಹೇಳಿದರೆ ಅವ್ವ ಒಪ್ಪಲಿಲ್ಲ. ಗೆರೆ ಹಾಕಿ, ಅದು ಅಲ್ಲೇ ನಿಂತರೆ? ದಿನಾ ಕಣ್ಣೆದುರಿಗೆ ಇರುವವನು ಬೆಳೆಯುತ್ತಿದ್ದಾನೋ ಇಲ್ಲವೋ ಎಂದು ನೋಡಿ ತಿಳಿಯುವುದು ಎಷ್ಟು ಕಷ್ಟ ಎಂಬುದು ಆ ತಿಂಗಳುಗಳಲ್ಲಿ ನನಗೆ ಅರ್ಥವಾಯಿತು. ವಜ್ರಕೇತುವಿನ ಪುಸ್ತಕಗಳನ್ನು ನಾನು ಒಂದೊಂದಾಗಿ ನೀರೊಲೆಗೆ ಹಾಕಿದೆ. ಬಾಳು ಕೇಳಿದರೆ ಇಲಿ ತಿಂದವು ಎಂದೆ.

ನಾಲ್ಕನೆಯ ತಿಂಗಳೋ ಐದನೆಯದೋ, ಒಂದು ಶನಿವಾರ ಮುಂಜಾನೆಯ ಸಾಲೆ ಮುಗಿಸಿ ಬಾಳು ಕುಂಟುತ್ತ, ಅಳುತ್ತ ಮನೆಗೆ ಬಂದ. ಹಿಮ್ಮಡಿ ಕೆಂಪಾಗಿ ಬೊಕ್ಕೆ ಎದ್ದಿತ್ತು.

"ಅವ್ವಾ, ಚಪ್ಪಲ್ ಕಚ್ಚಾಕತ್ತಾವ."

ಅವ್ವ ಅವನನ್ನು ಹೊಸ್ತಿಲ ಮೇಲೆ ಕೂಡಿಸಿ ಒಂದು ಚಪ್ಪಲಿಯನ್ನು ಮತ್ತೆ ಅವನ ಕಾಲಿಗೆ ಹಾಕಿ ನೋಡಿದಳು. ಎರಡು ವರ್ಷದಿಂದ ಅವನು ಹಾಕುತ್ತಿದ್ದದ್ದು ಅದೇ ಚಪ್ಪಲಿ. ಹಿಮ್ಮಡಿ ಹಿಂದಕ್ಕೆ ಒಂದು ಬೆರಳಿನಷ್ಟು ಹೊರಗೆ ಬಂದಿತ್ತು. ತೆಗೆದು ಇನ್ನೊಂದು ಕಾಲಿಗೆ ಇನ್ನೊಂದನ್ನು ಹಾಕಿದಳು. ಅಲ್ಲಿಯೂ ಒಂದು ಬೆರಳು. ಅವನು ನೋವಿಗೆ ಇನ್ನೂ ಜೋರಾಗಿ ಅತ್ತ. ಅವ್ವ ಸಮಾಧಾನ ಮಾಡಲಿಲ್ಲ. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಎದ್ದಳು. ತಲೆಯ ಮೇಲೆ ಸೆರಗಿಲ್ಲ, ಬರಿಗಾಲು. ಮೂರು ವರ್ಷದಿಂದ ಯಾರ ಮನೆಗೂ ಹೋಗದವಳು ಓಣಿಗೆ ಇಳಿದು ನೆಟ್ಟಗೆ ಕಮಲಿಯ ಮನೆಗೆ ನಡೆದಳು. ಜಗುಲಿಯ ಮೇಲೆ ಕಾಳು ಹಸನು ಮಾಡುತ್ತಿದ್ದ ಕಮಲಿಯ ತಾಯಿ, ಎತ್ತಿ ಹಿಡಿದ ಚಪ್ಪಲಿ ಕಂಡು ಮೊರ ಬಿಟ್ಟು ಬಾಗಿಲೊಳಗೆ ಸರಿದಳು.

"ಏನಾತ ಅಕ್ಕಾರ? ನಾವೇನ ಮಾಡೀವಿ?"

ಅವ್ವನಿಗೆ ಅದು ಕೇಳಿಸಲೇ ಇಲ್ಲ. ಚಪ್ಪಲಿಯನ್ನು ಅವಳ ಮುಖದ ಹತ್ತಿರಕ್ಕೇ ಹಿಡಿದು, ಓಣಿಯ ಎರಡೂ ತುದಿಗೆ ಕೇಳುವ ಹಾಗೆ ಕೂಗಿದಳು.

"ನೋಡ ಬಾರ, ಚಪ್ಪಲ್ ಸಣ್ಣದಾಗೇತಿ! ನನ್ನ ಮಗನ ಕಾಲಿಗೆ ಹಿಡಸವಲ್ದು!"